ಹಾಲೇಶಪ್ಪನ ಹೆರಿಗೆ

ನ್ಯಾಮತಿಯ ಹಾಲೇಶಪ್ಪ ಇದುವರೆಗೆ ಸತ್ತಿರುವುದು ಒಂದೇ ಸಲ. ಅದೂ ಒಂದು ಹೊತ್ತಿನ ಮಟ್ಟಿಗೆ, ಹೊನ್ನಾಳಿಯಿಂದಾಚೆಗಿನ ಊರುಗಳಲ್ಲಿ ಮಾತ್ರ. ನ್ಯಾಮತಿಯಲ್ಲಿ ಆ ಸಾವು ಒಂದು ಲೋಟ ಚಹಾ ಆರುವಷ್ಟು ಕಾಲವೂ ಬಾಳಲಿಲ್ಲ. ಆದರೆ ಹೋದ ಮಾತು ಹೋಯಿತು. ಮಾತಿಗೆ ಬಸ್ಸಿನ ಸೌಕರ್ಯ ಸಿಕ್ಕಿಬಿಟ್ಟರೆ ಅದನ್ನು ಹಿಂದೆ ಕರೆಯುವುದು ಯಾರಿಂದ ಸಾಧ್ಯ?

ಎಂಬತ್ತೆರಡನೇ ಇಸವಿಯ ಸುಮಾರಿನ ಮಾತು. ಹಾಲೇಶಪ್ಪ ಬಸ್ ಸ್ಟ್ಯಾಂಡಿನ ಎದುರು ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟುಕೊಂಡಿದ್ದ. ಅಂಗಡಿಯ ಹಿಂದೆಯೇ ಮನೆ. ಮದುವೆ, ನಾಮಕರಣ, ಚುನಾವಣೆ, ಕುರಿಗಳಿಗೆ ಲಸಿಕೆ ಹಾಕಿಸಿ ಎಂಬ ಪ್ರಚಾರ, ಎಲ್ಲಕ್ಕೂ ಅವನದೇ ಮೈಕು. ಈ ಕಸುಬಿನಲ್ಲಿ ಒಂದು ಅಪಾಯವಿದೆ. ಊರಿನವರೆಲ್ಲ ಎದ್ದುಹೋದರೂ ಮೈಕಿನವನು ಕೊನೆಯ ಭಾಷಣದವರೆಗೆ ಕೂತಿರಬೇಕು. ಹೀಗೆ ಕೂತೂ ಕೂತೂ ಹಾಲೇಶಪ್ಪನಿಗೆ ಜೇನು ಸಾಕಣೆ, ಸಣ್ಣ ಉಳಿತಾಯ, ಗೋಬರ್ ಗ್ಯಾಸ್ ಎಲ್ಲವೂ ಗೊತ್ತಾಗಿದ್ದವು. ಯಾವುದೂ ಪೂರ್ತಿ ಗೊತ್ತಾಗಿರಲಿಲ್ಲ. ಭಾಷಣಕಾರರು ಮುಖ್ಯ ವಿಷಯಕ್ಕೆ ಬರುವ ಹೊತ್ತಿಗೆ ಹೊರಗೆ ಕಟ್ಟಿದ ಮೈಕಿನ ಹಾರ್ನು ಕಿರುಚುತ್ತಿತ್ತು, ಇವನು ವೈರು ಹಿಡಿದು ಹೊರಗೆ ಓಡುತ್ತಿದ್ದ. ಗೋಬರ್ ಗ್ಯಾಸಿನ ಗುಂಡಿಯನ್ನು ಹಿತ್ತಲಲ್ಲಿ ತಾನೇ ತೋಡಿ ಸಗಣಿ ತುಂಬಿಸಿದ. ಅದಕ್ಕೆ ಮುಚ್ಚಳ ಬೇಕು ಎಂಬ ಭಾಗ ಭಾಷಣದಲ್ಲಿ ಬಂದಾಗ ಅವನು ಹಾರ್ನು ಸರಿಮಾಡಲು ಮರದ ಮೇಲಿದ್ದ. ಆ ವರ್ಷ ಆ ಬೀದಿಯವರು ಕಿಟಕಿ ತೆಗೆಯಲಿಲ್ಲ.

ಹೆಂಡತಿ ವಿಶಾಲಾಕ್ಷಿಗೆ ಐದು ತಿಂಗಳಾಗಿದ್ದಾಗ ಹೊನ್ನಾಳಿಯಲ್ಲಿ ಮಹಿಳೆಯರ ಆರೋಗ್ಯ ಶಿಬಿರ ನಡೆಯಿತು. ಮೈಕು ಹಾಲೇಶಪ್ಪನದು. ದೂರದೂರಿನಿಂದ ಬಂದ ಡಾಕ್ಟರಮ್ಮ ಒಬ್ಬರು ಸಹಜ ಹೆರಿಗೆಯ ಬಗ್ಗೆ ಮಾತಾಡಿದರು. ಹೆರಿಗೆ ಕಾಯಿಲೆಯಲ್ಲ, ಹೆದರಬಾರದು, ಉಸಿರಾಟವನ್ನು ಮೊದಲೇ ಕಲಿತಿದ್ದರೆ ನೋವು ಹಗುರಾಗುತ್ತದೆ, ಗಂಡನೂ ಜೊತೆಗಿದ್ದು ಉಸಿರಾಟ ಮಾಡಿಸಿದರೆ ಎಷ್ಟೋ ಧೈರ್ಯ ಎಂದರು. ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಸಭೆಯಲ್ಲಿದ್ದ ಗಂಡು ಎಂದರೆ ಹಾಲೇಶಪ್ಪ ಒಬ್ಬನೇ. ಆದ್ದರಿಂದ ಡಾಕ್ಟರಮ್ಮ ಆ ಮಾತನ್ನು ತನಗೇ ಹೇಳಿದರೆಂದು ಅವನು ತಿಳಿದ. ಡಾಕ್ಟರಮ್ಮ "ಆದರೆ ಒಂದು ಮಾತು" ಎಂದರು. ಹೊರಗಿನ ಹಾರ್ನು ಸತ್ತಿತು. ಅವನು ಕಂಬ ಹತ್ತಿದ. ಇಳಿದು ಬಂದಾಗ ವಂದನಾರ್ಪಣೆ ನಡೆಯುತ್ತಿತ್ತು.

ಮನೆಗೆ ಬಂದವನೇ ಹೇಳಿದ: "ವಿಶಾಲಾ, ಹೆರಿಗೆ ಅನ್ನೋದು ಕಾಯಿಲೆ ಅಲ್ಲ."

"ನಾನ್ಯಾವಾಗ ಕಾಯಿಲೆ ಅಂದೆ?" ಎಂದಳು ಅವಳು ಮೊರದಿಂದ ತಲೆಯೆತ್ತದೆ.

ಮರುದಿನದಿಂದ ಪಾಠ ಶುರುವಾಯಿತು. ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿ, ದಿಂಬು ಇಟ್ಟು, ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಇಬ್ಬರೂ ಎದುರುಬದುರು ಕೂತು ಉಸಿರಾಡುತ್ತಿದ್ದರು. ಹೆರಿಗೆಯ ಹೊತ್ತಿಗೆ ಹಾಕಲು ಒಂದು ಶಹನಾಯಿ ರೆಕಾರ್ಡನ್ನೂ ಹಾಲೇಶಪ್ಪ ಒರೆಸಿ ಎತ್ತಿಟ್ಟ. ವಿಶಾಲಾಕ್ಷಿ ನಗುತ್ತ ನಗುತ್ತ ಅವನು ಹೇಳಿದಂತೆ ಮಾಡುತ್ತಿದ್ದಳು. ಪಕ್ಕದ ಮನೆಯ ಸರ್ವಮಂಗಳಮ್ಮ ಅಡಿಕೆ ವ್ಯಾಪಾರಿಯ ಹೆಂಡತಿ, ಐದು ಹೆತ್ತವರು, ಶಿಬಿರಕ್ಕೂ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದವರು. ಅವರು ಕಾಂಪೌಂಡಿನ ಮೇಲಿಂದ ಇಣುಕಿ, "ಹಾಲೇಶಪ್ಪ, ಇಬ್ಬರಲ್ಲಿ ಬಸುರಿ ಯಾರಪ್ಪ?" ಎಂದು ದಿನಾ ವಿಚಾರಿಸುತ್ತಿದ್ದರು.

ಏಳನೇ ತಿಂಗಳಲ್ಲಿ ಜಗಳೂರಿನಿಂದ ಮಾವ ತಿಪ್ಪೇರುದ್ರಸ್ವಾಮಿ, ಅತ್ತೆ ಕಲ್ಲಮ್ಮ ಮಡಿಲು ತುಂಬಿ ಮಗಳನ್ನು ಕರೆದೊಯ್ಯಲು ಬಂದರು. ಚೊಚ್ಚಲು ತವರಿನಲ್ಲಿ ಎಂಬುದು ಯಾರೂ ಚರ್ಚೆ ಮಾಡದ ವಿಷಯ. ಹಾಲೇಶಪ್ಪ ಚರ್ಚೆ ಮಾಡಿದ.

"ಕಳಿಸಾಕೆ ಆಗಲ್ಲ ಮಾವ. ಹೆರಿಗೆ ಟೈಮಲ್ಲಿ ಗಂಡ ಪಕ್ಕದಾಗಿರಬೇಕು."

ಶೇಂಗಾ ವ್ಯಾಪಾರಿಯಾದ ತಿಪ್ಪೇರುದ್ರಸ್ವಾಮಿ ಮಾತನ್ನು ತೂಗಿ ಆಡುವವರು. "ಪಕ್ಕದಾಗಿದ್ದು ಏನ್ ಮಾಡ್ತೀರಿ ಅಳಿಯಂದ್ರೆ?"

"ಉಸಿರಾಡ್ತೀನಿ."

"ಅದನ್ನ ಇಲ್ಲಿಂದಾನೇ ಮಾಡಬಹುದಲ್ಲ. ಇಷ್ಟು ದಿನ ಇಲ್ಲೇ ಮಾಡ್ತಿದ್ರಲ್ಲ."

ಕಲ್ಲಮ್ಮ ಮಗಳ ಮುಖ ನೋಡಿದರು. ಮಗಳು ನೆಲ ನೋಡುತ್ತ, "ಇಲ್ಲೇ ಇರ್ತೀನಿ ಬಿಡವ್ವ" ಎಂದಳು. ಮಾವ ಎದ್ದು ಟೋಪಿ ಹಾಕಿಕೊಂಡರು. ತಂದ ಉಂಡಿಯ ಡಬ್ಬಿಯನ್ನು ಬಿಟ್ಟು ಹೋಗುವುದೋ ಒಯ್ಯುವುದೋ ಎಂದು ಕಲ್ಲಮ್ಮ ಬಾಗಿಲಲ್ಲಿ ನಿಂತರು. ಕೊನೆಗೆ ಅರ್ಧ ಸುರಿದು ಅರ್ಧ ಒಯ್ದರು. ಅಲ್ಲಿಂದ ಎರಡು ಮನೆಗೂ ಮಾತಿಲ್ಲ.

ದಿನ ತುಂಬುತ್ತ ಬಂದವು. ಒಂದು ಬೆಳಿಗ್ಗೆ, ಗೋವಿನಕೋವಿಯ ಮದುವೆಯಿಂದ ಮರಳಿದ ಮೈಕು ಗೊರಗುಟ್ಟುತ್ತಿದೆಯೆಂದು ಹಾಲೇಶಪ್ಪ ಅದನ್ನು ಬಿಚ್ಚಿ, ವೈರು ಸೇರಿಸಿ, ಆಂಪ್ಲಿಫೈಯರಿನ ಸ್ವಿಚ್ಚು ಹಾಕಿದ. ಕರೆಂಟು ಇರಲಿಲ್ಲ. ಮೈಕನ್ನು ಹಿಂದಿನ ಕೋಣೆಯ ಕಿಟಕಿಯ ಮೇಲಿಟ್ಟು ಮರೆತು ಪಾಠಕ್ಕೆ ಕೂತ. ಮಾಳಿಗೆಯ ಮೇಲಿನ ಹಾರ್ನು ಎಂದಿನಂತೆ ಬಸ್ ಸ್ಟ್ಯಾಂಡಿಗೆ ಮುಖ ಮಾಡಿತ್ತು.

"ನೋವು ಬಂದಾಗ ಈ ಉಸಿರು ಹೆಂಗೆ ಹಿಡಿಯೋದು ಅಂತ ನಂಗೆ ತಿಳೀವಲ್ದು. ಒಂದ್ಸಲ ನೀವೇ ಮಾಡಿ ತೋರಿಸ್ರಿ" ಎಂದಳು ವಿಶಾಲಾಕ್ಷಿ.

ಹಾಲೇಶಪ್ಪ ಚಾಪೆಯ ಮೇಲೆ ಮಲಗಿದ. ಮೊಣಕಾಲು ಮಡಿಸಿದ. ಕಲಿಸುವ ಕೆಲಸದಲ್ಲಿ ಅವನು ಮೋಸ ಮಾಡುವವನಲ್ಲ. ಸಣ್ಣ ನೋವು ಮುಗಿಸಿ ದೊಡ್ಡ ನೋವಿಗೆ ಬರುವ ಹೊತ್ತಿಗೆ ಸರಿಯಾಗಿ ಕರೆಂಟು ಬಂತು.

ಬಸ್ ಸ್ಟ್ಯಾಂಡಿನಲ್ಲಿ ಜಗಳೂರಿನ ಬಸ್ಸು ಹೊರಡಲು ನಿಂತಿತ್ತು. ಜನ ಚಹಾ ಕುಡಿಯುತ್ತಿದ್ದರು. ಆಕಾಶದಿಂದ ಒಂದು ಉಸಿರು ಕೇಳಿಸಿತು. ಅದರ ಹಿಂದೆ ಇನ್ನೊಂದು. ಆಮೇಲೆ ಉಬ್ಬಸ.

"ಹಾ... ಹಾ... ಅಯ್ಯೋ ಅವ್ವಾ..."

"ಹಾಲೇಶಪ್ಪನ ಧ್ವನಿ ಅಲ್ಲೇನೋ ಅದು?" ಎಂದರು ಯಾರೋ.

"ಬಂತು... ಬಂತು... ಇನ್ನ ನನ್ನ ಕೈಲಾಗಲ್ಲ... ವಿಶಾಲಾ, ಕೈ ಹಿಡ್ಕೋ... ಇದೇ ಕಡೇದು..."

ಒಳಗಿದ್ದವರಿಗೆ ಹಾರ್ನಿನ ಸದ್ದು ಕೇಳಲಿಲ್ಲವೇ ಎಂದು ಕೇಳುವವರಿದ್ದಾರೆ. ಕೇಳಿತು. ತನ್ನ ಉಸಿರಾಟ ಕೊನೆಗೂ ಆ ಮಟ್ಟಕ್ಕೆ ಏರಿದೆ ಎಂದು ಹಾಲೇಶಪ್ಪ ತಿಳಿದ. ವಿಶಾಲಾಕ್ಷಿ ಏನೋ ಹೇಳಲು ಬಾಯಿ ತೆರೆದಳು. ನಡುವೆ ಮಾತಾಡಬೇಡವೆಂದು ಕೈಸನ್ನೆ ಮಾಡಿ, ಅವನು ಹೊಟ್ಟೆಯಾಳದಿಂದ ಒಂದು ದೊಡ್ಡ ಕೂಗು ತೆಗೆದ. ಕೂಗು ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು.

ಚಹಾದಂಗಡಿಯವನು ಸ್ಟೌ ಆರಿಸಿದ. ಮುದುಕರೊಬ್ಬರು "ಶಿವನ ಪಾದ ಸೇರ್ದ" ಎಂದು ಪೇಟ ತೆಗೆದರು. ಆಮೇಲೆ ಎಲ್ಲರೂ ಒಟ್ಟಿಗೆ ಓಡಿದರು. ಓಡದೆ ಉಳಿದದ್ದು ಬಸ್ಸು ಮಾತ್ರ, ಏಕೆಂದರೆ ಅದಕ್ಕೆ ಟೈಮಾಗಿತ್ತು. ಕಂಡಕ್ಟರ್ ದುರುಗಣ್ಣ ಕಣ್ಣೊರೆಸಿಕೊಂಡು ಸೀಟಿ ಊದಿದ.

ಓಡಿಬಂದವರು ಬಾಗಿಲು ಮುರಿದು ಒಳಗೆ ನುಗ್ಗಿದಾಗ ಹಾಲೇಶಪ್ಪ ದಿಂಬಿಗೊರಗಿ ನೀರು ಕುಡಿಯುತ್ತಿದ್ದ. ವಿಷಯ ತಿಳಿದು ಬೀದಿ ಇಡೀ ಬೆಳಿಗ್ಗೆ ನಕ್ಕಿತು. ಗಂಡು ಮಗುವೋ ಹೆಣ್ಣು ಮಗುವೋ ಎಂದು ದಾರಿಹೋಕರೆಲ್ಲ ಕೇಳಿದರು. ಸರ್ವಮಂಗಳಮ್ಮ ಬಾಣಂತಿಗೆಂದು ಮೆಣಸಿನ ಸಾರು ಕಳಿಸಿದರು; ಹಾಲೇಶಪ್ಪ ಅದನ್ನು ಅನ್ನಕ್ಕೆ ಕಲಸಿ ಉಂಡ. ಬಸ್ಸಿನ ನೆನಪು ಯಾರಿಗೂ ಬರಲಿಲ್ಲ.

ದುರುಗಣ್ಣನಿಗೆ ಕಲ್ಲಮ್ಮನವರ ಮನೆ ಗೊತ್ತಿತ್ತು; ಜಗಳವಾಗುವ ಮುಂಚೆ ಅವರು ಮಗಳಿಗೆ ಕಳಿಸುತ್ತಿದ್ದ ಚಟ್ನಿಪುಡಿ, ರೊಟ್ಟಿ ಎಲ್ಲ ಅವನ ಬಸ್ಸಿನಲ್ಲೇ ಬರುತ್ತಿದ್ದವು. ಹೊನ್ನಾಳಿಯಲ್ಲಿ ಅವನು, ಹಾಲೇಶಪ್ಪನಿಗೆ ಬಹಳ ಸೀರಿಯಸ್ ಎಂದ. ದಾವಣಗೆರೆಯಲ್ಲಿ, ಕಿವಿಯಾರೆ ಕೇಳಿದೆ, ಉಸಿರು ನಿಂತಿತು ಎಂದ. ಜಗಳೂರಿನಲ್ಲಿ ತಿಪ್ಪೇರುದ್ರಸ್ವಾಮಿಯವರ ಎದುರು ನಿಂತಾಗ ಟಿಕೆಟ್ಟಿನ ಚೀಲವನ್ನು ಎದೆಗೆ ಒತ್ತಿಕೊಂಡು, "ಹೆಂಡ್ತಿ ಕೈ ಹಿಡ್ಕೊಂಡೇ ಹೋದ್ರು ಸ್ವಾಮಿ. ಊರಿಗೆಲ್ಲ ಕೇಳೋಹಂಗೆ ಹೋದ್ರು. ಅಂಥಾ ಸಾವು ಯಾರಿಗೈತೆ?" ಎಂದ.

ಜಗಳೂರಿನ ಜನ ಸಿಟ್ಟನ್ನು ಎಷ್ಟು ಬೇಕಾದರೂ ಇಟ್ಟುಕೊಂಡಾರು, ಸಾವಿಗೆ ಹೋಗದೆ ಇರುವವರಲ್ಲ. ತಿಪ್ಪೇರುದ್ರಸ್ವಾಮಿ ಶೇಂಗಾ ತುಂಬಿ ನಿಂತಿದ್ದ ಲಾರಿಯಿಂದ ಅರ್ಧದಷ್ಟು ಚೀಲಗಳನ್ನು ಇಳಿಸಿ ಉಳಿದವುಗಳ ಮೇಲೆ ಬಂಧುಬಳಗವನ್ನು ಹತ್ತಿಸಿದರು. ಸಾವಿನ ಮನೆಗಳಲ್ಲಿ ಹಾಡುವ ಯರ್ರಿಸ್ವಾಮಿಯ ಭಜನೆ ಮೇಳಕ್ಕೆ ವೀಳ್ಯ ಕೊಟ್ಟು ಅವರನ್ನೂ ಹತ್ತಿಸಿದರು. ದಾವಣಗೆರೆಯಲ್ಲಿ ಒಂದು ದೊಡ್ಡ ಸುಗಂಧರಾಜ ಹಾರ ಕೊಂಡರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಹಾಲೇಶಪ್ಪನ ಬೀದಿಯ ತುದಿಯಲ್ಲಿ ಲಾರಿ ನಿಂತಿತು. ಕಲ್ಲಮ್ಮ ಇಳಿಯುವಾಗಲೇ ಅಳು ತೆಗೆದರು: "ಎಂಥಾ ಅಳಿಯನಪ್ಪ ನೀನು! ಉಸಿರಾಡ್ತೀನಿ ಅಂತಿದ್ದೆಲ್ಲೋ, ಅದನ್ನೂ ಬಿಟ್ಟು ಹೋದೆಲ್ಲೋ!" ಹಿಂದೆ ಭಜನೆಯವರ ತಾಳ.

ಊಟ ಮಾಡಿ ಮಲಗಿದ್ದ ಹಾಲೇಶಪ್ಪ ಗಾಬರಿಯಿಂದ ಎದ್ದು, ಟವೆಲು ಹೊದ್ದು ಹೊರಗೆ ಬಂದ. ಅಳುವವರಲ್ಲಿ ಅತ್ತೆ ಕಂಡರು. ಮನೆತನದಲ್ಲಿ ಏನೋ ಆಗಬಾರದ್ದು ಆಗಿದೆ ಎಂದು ಅವನಿಗೂ ಕಣ್ಣು ತುಂಬಿತು. ಮಾವನ ಎರಡೂ ಕೈ ಹಿಡಿದು, "ಯಾರು ಮಾವ? ಯಾರು ಹೋದ್ರು?" ಎಂದ.

ತಿಪ್ಪೇರುದ್ರಸ್ವಾಮಿ ಬಹಳ ಹೊತ್ತು ಅಳಿಯನನ್ನು ನೋಡಿದರು. ಅವನ ಮೈ ಮುಟ್ಟಿದರು. ಬಿಸಿಯಿತ್ತು. ಕೈಯಲ್ಲಿದ್ದ ಹಾರವನ್ನು ಅವನ ಕೊರಳಿಗೆ ಹಾಕಿದರು.

ಬಾಗಿಲಲ್ಲಿ ನಿಂತಿದ್ದ ವಿಶಾಲಾಕ್ಷಿಗೆ ನಗು ತಡೆಯಲಾಗಲಿಲ್ಲ. ಚೌಕಟ್ಟು ಹಿಡಿದು ನಕ್ಕಳು, ಬಗ್ಗಿ ನಕ್ಕಳು, ನಗುತ್ತಲೇ "ಅವ್ವಾ" ಎಂದಳು. ಆ ಅವ್ವಾ ಬೇರೆಯೇ ಇತ್ತು. ಅಳು ನಿಲ್ಲಿಸಿ ಕಲ್ಲಮ್ಮ ಒಂದೇ ಹೆಜ್ಜೆಗೆ ಮೆಟ್ಟಿಲು ಹತ್ತಿದರು.

ಹಿಂದಿನ ಕೋಣೆಯಲ್ಲಿ ಚಾಪೆ ಸಿದ್ಧವಾಗಿಯೇ ಇತ್ತು. ಹಾಲೇಶಪ್ಪ ಹಾರ ಹಾಕಿಕೊಂಡೇ ಒಳಗೆ ನುಗ್ಗಿ ಶಹನಾಯಿ ರೆಕಾರ್ಡು ಹುಡುಕತೊಡಗಿದ. "ಹೆದರಬ್ಯಾಡ ವಿಶಾಲಾ. ಮೂಗಿನಿಂದ ತಗೋ, ಬಾಯಿಂದ ಬಿಡು. ಎಲ್ಲಾರೂ ಹೊರಗಿರ್ರಿ, ಇದು ಕಾಯಿಲೆ ಅಲ್ಲ."

ಅಷ್ಟರಲ್ಲಿ ಸರ್ವಮಂಗಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು. ವಿಶಾಲಾಕ್ಷಿಯ ಸೀರೆ ನೋಡಿದರು. ನೀರು ಹೋಗಿತ್ತು. ಅವರ ಮುಖ ಬದಲಾಯಿತು.

"ಹಾಲೇಶಪ್ಪ, ನೀರು ಹಸುರು ಬಂದೈತೆ."

"ಬರಲಿ ಬಿಡ್ರಿ ಅಕ್ಕ, ನೀರು ಅಂದ್ಮೇಲೆ..."

"ಮುಚ್ಚೋ ಬಾಯಿ! ಶಿಬಿರದಾಗೆ ಆ ಡಾಕ್ಟರಮ್ಮ ಏನಂದ್ಲು? ನೀರು ಹಸುರು ಬಂದ್ರೆ ಒಳಗೆ ಮಗೂಗೆ ತೊಂದರೆ ಐತಂತ, ಒಂದು ಗಳಿಗೇನೂ ಕಾಯಬ್ಯಾಡ್ರಿ, ಆಸ್ಪತ್ರೆಗೆ ಓಡ್ರಿ ಅಂದ್ಲು."

"ಹಂಗಂತ ಯಾವಾಗ ಅಂದ್ರು?"

"ನೀನು ಕಂಬದ ಮ್ಯಾಲಿದ್ದಾಗ!"

ಹಾಲೇಶಪ್ಪ ರೆಕಾರ್ಡು ಕೆಳಗಿಟ್ಟ. ಹೆಂಡತಿಯನ್ನು ಎರಡೂ ತೋಳಲ್ಲಿ ಎತ್ತಿಕೊಂಡು ಬೀದಿಗೆ ಓಡಿದ. ಬೀದಿಯಲ್ಲಿ ಸಾಗಿಸಲು ಇದ್ದದ್ದು ಒಂದೇ ಗಾಡಿ.

ಲಾರಿಯಲ್ಲಿ ಶೇಂಗಾ ಚೀಲಗಳ ಮೇಲೆ ಕಂಬಳಿ ಹಾಸಿ ಅವಳನ್ನು ಎಡಮಗ್ಗುಲಿಗೆ ಮಲಗಿಸಿದರು. ಕಲ್ಲಮ್ಮನ ತೊಡೆಯ ಮೇಲೆ ತಲೆ, ಸರ್ವಮಂಗಳಮ್ಮನ ಮಡಿಲಲ್ಲಿ ಕಾಲು. ಇಳಿಯಿರಿ ಎಂದು ಹೇಳಲು ಯಾರಿಗೂ ತೋಚದೆ ಇದ್ದುದರಿಂದ ಬಂಧುಬಳಗವೂ ಭಜನೆ ಮೇಳವೂ ಮತ್ತೆ ಹತ್ತಿ ಕೂತವು. ಗುಂಡಿ ಬಂದಾಗಲೆಲ್ಲ ತಾಳಗಳು ತಾವಾಗಿಯೇ ಬಾರಿಸಿಕೊಳ್ಳುತ್ತಿದ್ದವು.

"ಮೂಗಿನಿಂದ ತಗೋ ವಿಶಾಲಾ..." ಎಂದ ಹಾಲೇಶಪ್ಪ ಹಲಗೆ ಹಿಡಿದು ನಿಂತು.

"ನೀವು ಸುಮ್ಮನೆ ಕೈ ಕೊಡ್ರಿ" ಎಂದಳು ಹಲ್ಲು ಕಚ್ಚಿ. ಕೊಟ್ಟ. ಅವಳು ಹಿಡಿದ ಹಿಡಿತಕ್ಕೆ ಅವನೇ "ಅವ್ವಾ" ಎಂದ.

ದಾರಿಯ ಊರುಗಳ ಜನ ಲಾರಿ, ಹಾರ, ತಾಳ ನೋಡಿ ಯಾರದೋ ಹೆಣ ಹೋಗುತ್ತಿದೆಯೆಂದು ಎದ್ದು ನಿಂತು ಕೈಮುಗಿದರು. ಹಾಲೇಶಪ್ಪ ಇದ್ದೊಂದು ಬಿಡಿ ಕೈಯನ್ನು ಹಣೆಗೆ ಹಚ್ಚಿ ಎಲ್ಲರಿಗೂ ನಮಸ್ಕಾರ ಮಾಡಿದ. ಹೊನ್ನಾಳಿ ಇನ್ನೇನು ಬಂತೆನ್ನುವಾಗ ಎದುರಿಗೆ ಜಗಳೂರಿನಿಂದ ಮರಳುವ ಬಸ್ಸು ಬಂತು. ಬಾಗಿಲಲ್ಲಿ ಜೋತು ನಿಂತಿದ್ದ ದುರುಗಣ್ಣ ಸತ್ತವನೇ ಹಾರ ಹಾಕಿಕೊಂಡು, ನಿಂತು, ತನಗೆ ನಮಸ್ಕಾರ ಮಾಡಿ ಹೋಗುವುದನ್ನು ನೋಡಿದ. ಆಮೇಲೆ ಅವನು ಆ ರೂಟಿನಿಂದ ವರ್ಗ ಕೇಳಿ ಅರ್ಜಿ ಹಾಕಿದನೆಂದು ಹೇಳುತ್ತಾರೆ.

ಹೊನ್ನಾಳಿ ಆಸ್ಪತ್ರೆಯ ಲೇಡಿ ಡಾಕ್ಟರು ವಿಶಾಲಾಕ್ಷಿಯನ್ನು ಪರೀಕ್ಷೆ ಮಾಡಿ ಹೊರಗೆ ಬಂದಾಗ ಎದುರಿಗೆ ಒಂದು ಲಾರಿ ಜನ ನಿಂತಿದ್ದರು.

"ಗಂಡ ಯಾರು?"

ಹಾರ ಹಾಕಿಕೊಂಡವನು ಮುಂದೆ ಬಂದ.

"ಮಗುವಿನ ಎದೆಬಡಿತ ಇಳೀತಾ ಇದೆ. ಆಪರೇಷನ್ ಮಾಡಿ ತೆಗೀಬೇಕು. ಈಗಲೇ."

"ಡಾಕ್ಟ್ರೇ, ನಾವು ಸಹಜವಾಗೇ ಆಗ್ಲಿ ಅಂತ ನಾಕು ತಿಂಗಳಿಂದ ತಯಾರಿ ಮಾಡ್ಕೊಂಡೀವಿ..."

"ನೀವು ಮಾಡ್ಕೊಂಡಿದೀರಿ. ಮಗು ಮಾಡ್ಕೊಂಡಿಲ್ಲ."

ಹಾಲೇಶಪ್ಪ ಮಾವನ ಮುಖ ನೋಡಿದ, ಅತ್ತೆಯ ಮುಖ ನೋಡಿದ. ಎಲ್ಲರೂ ಅವನ ಮುಖ ನೋಡಿದರು. ಅರೆ ತೆರೆದ ಬಾಗಿಲ ಒಳಗಿನಿಂದ ವಿಶಾಲಾಕ್ಷಿಯ ದನಿ ಬಂತು: "ಅವರನ್ನೇನ್ ಕೇಳ್ತೀರಿ ಡಾಕ್ಟ್ರೇ? ಮಾಡಿಬಿಡ್ರಿ. ಮಗು ಉಳೀಲಿ."

ಹಾಲೇಶಪ್ಪ ತೋರಿಸಿದ ಕಡೆ ಸಹಿ ಹಾಕಿದ. ಬಾಗಿಲು ಮುಚ್ಚಿತು.

ಮುಚ್ಚಿದ ಬಾಗಿಲ ಎದುರಿನ ಬೆಂಚಿನಲ್ಲಿ ಅವನು ಕೂತ. ಬೇರೇನೂ ತಿಳಿಯದೆ, ಮೂಗಿನಿಂದ ಉಸಿರು ತೆಗೆದುಕೊಂಡು ಬಾಯಿಂದ ಬಿಡತೊಡಗಿದ. ತಿಪ್ಪೇರುದ್ರಸ್ವಾಮಿ ಸ್ವಲ್ಪ ದೂರದಲ್ಲಿ ಗೋಡೆಗೆ ಒರಗಿ ನಿಂತಿದ್ದರು. ಅವರ ಟೋಪಿ ಕೈಯಲ್ಲಿ ಹಿಂಡಿಹೋಗಿತ್ತು. ಒಂದಿಷ್ಟು ಹೊತ್ತಿನ ಮೇಲೆ ಬಂದು ಅಳಿಯನ ಪಕ್ಕ ಕೂತರು.

"ಅದೆಂಗೆ ಮಾಡೋದು ಅಳಿಯಂದ್ರೆ?"

"ಮೂಗಿನಿಂದ ತಗೊಳ್ರಿ ಮಾವ. ನಿಧಾನಕ್ಕೆ. ಬಾಯಿಂದ ಬಿಡ್ರಿ."

ಮಾವ ತೆಗೆದುಕೊಂಡರು, ಬಿಟ್ಟರು. ಹಿರಿಯರು ಮಾಡಿದ್ದನ್ನು ನೋಡಿ ಬಂಧುಬಳಗವೂ ಇದು ಆಸ್ಪತ್ರೆಯ ಕ್ರಮವಿರಬೇಕೆಂದು ಶುರು ಮಾಡಿತು. ಭಜನೆಯವರಿಗೆ ದಮ್ಮು ಜಾಸ್ತಿ. ಅವರು ಸೇರಿದ ಮೇಲೆ ವರಾಂಡದಲ್ಲಿ ಕಮ್ಮಾರನ ತಿದಿ ಊದಿದಂತಾಯಿತು. ನರ್ಸೊಬ್ಬಳು ಓಡಿಬಂದು, "ಇಷ್ಟೊಂದು ಉಬ್ಬಸದವರು ಎಲ್ಲಿಂದ ಬಂದ್ರಿ? ಗಂಡಸರ ವಾರ್ಡು ಆ ಕಡೆ!" ಎಂದು ಗದರಿದಳು.

ಎಲ್ಲರೂ ಉಸಿರು ಹಿಡಿದರು. ಹಾಗೆ ಹಿಡಿದದ್ದರಿಂದಲೇ ಒಳಗಿನ ಆ ಸಣ್ಣ ದನಿ ಕೇಳಿಸಿತು. ಮೊದಲು ಒಂದು ಕೆಮ್ಮಿನಂತೆ. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ ಹೊತ್ತಿನಲ್ಲಿ ಕಲ್ಲಮ್ಮ ಸರ್ವಮಂಗಳಮ್ಮನ ಭುಜ ಹಿಡಿದರು. ಆಮೇಲೆ ಮಗು ಅತ್ತಿತು. ಬಿಟ್ಟೂಬಿಡದೆ, ಸಿಟ್ಟಿನಿಂದ ಅತ್ತಿತು.

ಹೆಣ್ಣು ಮಗು. ತಾಯಿ, ಮಗು ಇಬ್ಬರೂ ಕ್ಷೇಮ ಎಂದರು ಡಾಕ್ಟರು.

ಯರ್ರಿಸ್ವಾಮಿ ಗಂಟಲು ಸರಿಮಾಡಿಕೊಂಡು, "ವೀಳ್ಯ ತಗೊಂಡು ಬಂದೀವಿ, ಹಾಡದೆ ಹಂಗೇ ಹೋಗಾಕೆ ಬರಲ್ಲ" ಎಂದ. ಆಸ್ಪತ್ರೆಯ ಅಂಗಳದ ಬೇವಿನ ಮರದಡಿ ಮೇಳ ಕೂತಿತು. ಅವರಿಗೆ ಬರುತ್ತಿದ್ದುದೆಲ್ಲ ಈ ದೇಹ ಮಣ್ಣು, ಇವತ್ತಿಲ್ಲದಿದ್ದರೆ ನಾಳೆ ಹೋಗುವುದು ಎಂಬ ಅರ್ಥದ ಪದಗಳೇ. ಎರಡನೇ ಪದಕ್ಕೆ ಜ್ವರದ ವಾರ್ಡಿನ ರೋಗಿಗಳು ಕಂಗಾಲಾಗಿ ಮನೆಗೆ ಹೋಗುತ್ತೇವೆಂದು ಹಟ ಹಿಡಿದರು. ಡಾಕ್ಟರು ತಾವೇ ಹೊರಗೆ ಬಂದು ಮೇಳವನ್ನು ಲಾರಿ ಹತ್ತಿಸಿದರು.

ಮುಂದಿನ ದಿನಗಳಲ್ಲಿ ನ್ಯಾಮತಿಯ ಹೆಂಗಸರು ಗುಂಪು ಗುಂಪಾಗಿ ಆಸ್ಪತ್ರೆಗೆ ನೋಡಲು ಬಂದರು. ಬಂದವರೆಲ್ಲ ಮಗುವಿನ ಮೂಗು ಯಾರದೆಂದು ತೀರ್ಮಾನಿಸಿ, ಆಮೇಲೆ ದನಿ ಇಳಿಸಿ, "ಕೊಯ್ದು ತೆಗೆದ್ರಂತಲ್ಲೇ ಪಾಪ. ಅಷ್ಟೆಲ್ಲ ಕಲಿತು ಏನ್ ಬಂತು?" ಎಂದು ಮರುಕಪಟ್ಟು ಹೋದರು. ವಿಶಾಲಾಕ್ಷಿ ಎಲ್ಲರಿಗೂ ಹೂಂ ಎಂದಳು. ಒಂದು ಮಧ್ಯಾಹ್ನ ಅವರೆಲ್ಲ ಹೋದ ಮೇಲೆ ಗೋಡೆಯ ಕಡೆ ಮುಖ ತಿರುಗಿಸಿದಳು. ಹಾಲೇಶಪ್ಪ ತಟ್ಟೆ ತೊಳೆದು ತಂದು ನೋಡಿದಾಗ ಅವಳ ದಿಂಬು ಒದ್ದೆಯಾಗಿತ್ತು.

"ನೋವಾಗ್ತೈತೇನು? ನರ್ಸಮ್ಮನ್ನ ಕರೀಲಾ?"

ಅವಳು ತಲೆಯಲ್ಲಾಡಿಸಿದಳು. ಗೋಡೆಯ ಕಡೆ ನೋಡುತ್ತಲೇ ಹೇಳಿದಳು: "ನಾನು ನಿಮ್ಮ ಸಮಾಧಾನಕ್ಕೆ ನಗ್ತಾ ಮಾಡಿದೆ ಅನ್ಕೊಂಡೀರಿ ಅಲ್ಲ? ನೀವು ಅಂಗಡಿಗೆ ಹೋದ ಮ್ಯಾಲೆ ಬಾಗಿಲು ಹಾಕ್ಕೊಂಡು ಒಬ್ಬಾಕೇ ಕುಂತು ಮಾಡ್ತಿದ್ದೆ. ತವರಿಗೂ ಹೋಗ್ಲಿಲ್ಲ. ನಾನೇ ಹಡೀಬೇಕು ಅಂತ ಇತ್ತು ನಂಗೆ. ಈಗ ನೋಡ್ರಿ. ನಾನು ಹಡೀಲಿಲ್ಲ. ಡಾಕ್ಟರು ತೆಗೆದ್ರು."

ಹಾಲೇಶಪ್ಪನಿಗೆ ಈ ವಿಷಯದ ಮೇಲೆ ಯಾವ ಭಾಷಣವೂ ನೆನಪಾಗಲಿಲ್ಲ. ಟವೆಲನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಅಷ್ಟರಲ್ಲಿ ಬಟ್ಟೆಯ ಗಂಟಿನಂತಿದ್ದ ಮಗು ಮಿಸುಕಿ, ಬಾಯಿ ಅಗಲಿಸಿ, ಹಸಿವಿನ ಅಳು ಶುರುಮಾಡಿತು. ಅವನು ಮಗುವನ್ನು ನೋಡಿದ, ಹೆಂಡತಿಯನ್ನು ನೋಡಿದ, ಗಂಭೀರವಾಗಿ ಯೋಚಿಸಿ ಮಗುವನ್ನು ಎತ್ತಿಕೊಂಡು ಬಾಗಿಲ ಕಡೆ ಹೊರಟ.

"ಎಲ್ಲಿಗೆ?" ಎಂದಳು ವಿಶಾಲಾಕ್ಷಿ.

"ಡಾಕ್ಟ್ರ ಹತ್ರ. ಅವರೇ ಹಡೆದಾರೆ ಅಂದ್ಮೇಲೆ ಹಾಲೂ ಅವರೇ ಕುಡಿಸ್ಲಿ."

ತಮಾಷೆಗೆ ಅಂದದ್ದಲ್ಲ. ಅವನು ಹೊಸ್ತಿಲು ದಾಟಿಯೇ ಬಿಟ್ಟಿದ್ದ. ಗೋಡೆಯ ಕಡೆ ತಿರುಗಿದ್ದವಳು ಈ ಕಡೆ ತಿರುಗಿದಳು. ತುಟಿ ಬಿಗಿಹಿಡಿದಳು, ಆಗಲಿಲ್ಲ. ಹೊಟ್ಟೆ ಒತ್ತಿ ಹಿಡಿದು, ಕಣ್ಣಲ್ಲಿ ನೀರಿದ್ದಂತೆಯೇ ನಗತೊಡಗಿದಳು.

"ಅಯ್ಯೋ ಬರ್ರೀ ಇತ್ತ... ನಗಿಸಬ್ಯಾಡ್ರಿ, ಹೊಲಿಗೆ ಎಳೀತಾವೆ... ಕೊಡ್ರಿ ಇಲ್ಲಿ. ನನ್ನ ಮಗಳು ಆಕಿ."

ಹಾಲೇಶಪ್ಪ ಮರಳಿ ಬಂದು ಕೊಟ್ಟ.